ದೂರದ ಕಂಪ್ಯೂಟರು ಕೈಗೆಟುಕದಾಗ

ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರನ್ನು ಮನೆಯಲ್ಲಿ ಕುಳಿತೇ ನಡೆಸುವುದು ಈಗ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ, ಅದುವರೆಗೆ ಈ ವಿದ್ಯೆಯ ಗೋಜಿಗೆ ಹೋಗದಿದ್ದ ಸಣ್ಣ ಕಚೇರಿಗಳವರೂ ಇದನ್ನು ಕಲಿಯಬೇಕಾಯಿತು. ಊಟದ ಮೇಜೇ ಕಚೇರಿಯ ಮೇಜಾಯಿತು. ಆ ಕಾಲ ಕಳೆದರೂ ಅಭ್ಯಾಸ ಉಳಿದುಕೊಂಡಿದೆ. ಆದರೆ ಕಚೇರಿಯೊಳಗೆ ಸರಾಗವಾಗಿ ನಡೆಯುವ ಈ ಸೌಕರ್ಯ ಮನೆಯಿಂದ ಪ್ರಯತ್ನಿಸಿದೊಡನೆ ಮೊಂಡು ಹಿಡಿಯುತ್ತದೆಂಬುದು ಅನೇಕರ ದೂರು. ಅದೂ ಲೆಕ್ಕ ಒಪ್ಪಿಸಬೇಕಾದ ಕಡೆಯ ದಿನದ ಹಿಂದಿನ ರಾತ್ರಿ, ಕಚೇರಿಯಲ್ಲಿ ನರಪಿಳ್ಳೆಯೂ ಇಲ್ಲದ ಭಾನುವಾರ! ಅಂಥ ಹೊತ್ತಿನಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಕೂಡದು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಈ ಸೌಕರ್ಯದ ಹೆಸರು ರಿಮೋಟ್ ಡೆಸ್ಕ್‌ಟಾಪ್. ಮೈಕ್ರೋಸಾಫ್ಟ್ ಸಂಸ್ಥೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನೊಂದಿಗೆ ಇದನ್ನು ಸಾಮಾನ್ಯ ಕಚೇರಿಗಳ ಕೈಗಿತ್ತಿತು. ಇದರಲ್ಲಿ ಕೆಲಸವೆಲ್ಲ ನಡೆಯುವುದು ಕಚೇರಿಯ ಕಂಪ್ಯೂಟರಿನಲ್ಲೇ. ಅದರ ಪರದೆಯ ಚಿತ್ರ ಮನೆಗೆ ಬರುತ್ತದೆ. ನಾವು ಒತ್ತಿದ ಅಕ್ಷರಗಳೂ ಸರಿಸಿದ ಮೌಸಿನ ಚಲನೆಯೂ ಅಲ್ಲಿಗೆ ಹೋಗುತ್ತವೆ. ಇಷ್ಟೇ ಇದರ ಮರ್ಮ.

ಸಂಪರ್ಕ ಸಿಕ್ಕದಿದ್ದಾಗ ಪರದೆಯ ಮೇಲೆ ಮೂರು ಕಾರಣಗಳ ಪಟ್ಟಿಯೊಂದು ಮೂಡುತ್ತದೆ: ಆ ಕಂಪ್ಯೂಟರಿನಲ್ಲಿ ಈ ಸೌಕರ್ಯಕ್ಕೆ ಅನುಮತಿ ಇಲ್ಲ, ಅಥವಾ ಅದು ಆರಿದೆ, ಅಥವಾ ಜಾಲದಲ್ಲಿ ಸಿಗುತ್ತಿಲ್ಲ. ನಾಡಿ ನೋಡದೆಯೇ ಮೂರು ರೋಗಗಳ ಹೆಸರು ಹೇಳಿ ಎದ್ದುಹೋಗುವ ವೈದ್ಯನ ಮಾತಿನಂತೆ, ಇದರಿಂದ ತಿಳಿಯುವುದು ಸ್ವಲ್ಪವೇ. ನಿಜವಾದ ಚಿಕಿತ್ಸೆ ಇರುವುದು ಒಂದೇ ಪ್ರಶ್ನೆಯಲ್ಲಿ: ನಾವು ಎಷ್ಟು ದೂರ ತಲುಪಿದೆವು, ಯಾವ ಬಾಗಿಲಿನಲ್ಲಿ ನಿಂತೆವು?

ಮೊದಲು ವಿಳಾಸದ ವಿಷಯ. ಕಚೇರಿಯ ಕಂಪ್ಯೂಟರಿಗೆ 192.168.1.24 ಎಂಬಂಥ ಅಂಕಿ ಇರುತ್ತದೆ. ಇದು ಕಚೇರಿಯ ಒಳಗಿನ ಇಂಟರ್‌ಕಾಮ್ ಸಂಖ್ಯೆ ಇದ್ದ ಹಾಗೆ. ಪಕ್ಕದ ಕೋಣೆಯವರು 24 ಒತ್ತಿದರೆ ಗಂಟೆ ಬಾರಿಸುತ್ತದೆ. ಮನೆಯಿಂದ 24 ಒತ್ತಿದರೆ ಬಾರಿಸದು. 192.168 ಎಂದು ಮೊದಲಾಗುವ ಅಂಕಿಗಳನ್ನು ಯಾರು ಬೇಕಾದರೂ ತಮ್ಮ ಜಾಲದೊಳಗೆ ಬಳಸಬಹುದು, ಅವು ಬೀದಿಯಲ್ಲಿ ಸಲ್ಲವು ಎಂದು 1996ರಲ್ಲೇ ಗೊತ್ತುಮಾಡಲಾಗಿದೆ. ಆದ್ದರಿಂದ ಹೊರಗಿನಿಂದ ಒಳಹೋಗಲು ಒಂದು ಗುಪ್ತ ಸುರಂಗ ಬೇಕು. ವಿಪಿಎನ್ ಎಂಬುದು ಅದೇ. ಅದು ಮೊದಲು ಕೂಡಿಕೊಳ್ಳಬೇಕು. ಆಮೇಲೆ ರಿಮೋಟ್ ಡೆಸ್ಕ್‌ಟಾಪಿನ ಮಾತು. ವಿಪಿಎನ್ ಕೂಡದಿರುವಾಗ ಮಿಕ್ಕದ್ದನ್ನೆಲ್ಲ ತಡಕಾಡುವುದು ವ್ಯರ್ಥಶ್ರಮ.

ಇನ್ನು, ಸುರಂಗ ಕೂಡಿಯೂ ಕಂಪ್ಯೂಟರು ಸಿಗದ ಪ್ರಸಂಗವುಂಟು. ಇದು ಅನೇಕರನ್ನು ಕಂಗೆಡಿಸುವ ತೊಡಕು. ಮನೆಯ ರೂಟರೂ ಕಚೇರಿಯ ರೂಟರೂ ಅಂಗಡಿಯಿಂದ ಬಂದಾಗಲೇ 192.168.1 ಎಂಬ ಒಂದೇ ಸಾಲಿನ ಅಂಕಿಗಳನ್ನು ಹೊತ್ತು ಬಂದಿರಬಹುದು. ಆಗ ನಮ್ಮ ಕಂಪ್ಯೂಟರು 24ನೆಯ ಸಂಖ್ಯೆಯನ್ನು ಕೇಳಿದೊಡನೆ ‘ಇದು ನಮ್ಮ ಮನೆಯೊಳಗಿನದೇ’ ಎಂದು ತಿಳಿದು ಮನೆಯಲ್ಲೇ ಹುಡುಕುತ್ತದೆ. ಸುರಂಗದ ಕಡೆ ತಿರುಗಿಯೂ ನೋಡದು. ಪರೀಕ್ಷೆ ಸುಲಭ. ಮನೆಯ ಜಾಲವನ್ನು ಬಿಟ್ಟು ಮೊಬೈಲಿನ ಹಾಟ್‌ಸ್ಪಾಟಿನಿಂದ ಪ್ರಯತ್ನಿಸಿರಿ. ಕೂಡಿಕೊಂಡರೆ ದೋಷ ಮನೆಯ ಕಡೆಯದೆಂದು ಖಚಿತವಾಯಿತು. ಅಂಕಿಗಳ ಸಾಲು ಒಂದೇ ಆಗಿದ್ದರೆ ಮನೆಯ ರೂಟರಿನಲ್ಲಿ ಅದನ್ನು 192.168.57 ಎಂದೋ ಬೇರೊಂದೆಂದೋ ಬದಲಾಯಿಸಿದರೆ ಸಾಕು. ಮನೆಯ ಪ್ರಿಂಟರಿಗೆ ಖಾಯಂ ಅಂಕಿ ಕೊಟ್ಟಿದ್ದರೆ ಅದನ್ನೂ ತಿದ್ದಬೇಕೆಂಬುದು ನೆನಪಿರಲಿ.

ಮೂರನೆಯದು ಹೆಸರಿನ ತೊಡಕು. ಕಚೇರಿಯಲ್ಲಿ ಕಂಪ್ಯೂಟರಿಗೆ ಇಟ್ಟ ಹೆಸರು ಒಳಗಿನವರಿಗೆ ಮಾತ್ರ ಪರಿಚಿತ. ಹೊರಗಿನ ಜಾಲ ಅದನ್ನು ಅರಿಯದು. ಹೆಸರು ಕೊಟ್ಟರೆ ಸಿಗದೆ ಅಂಕಿ ಕೊಟ್ಟರೆ ಸಿಕ್ಕಿತಾದರೆ ದಾರಿ ಸರಿಯಾಗಿದೆ, ವಿಳಾಸದ ಪುಸ್ತಕ ಮಾತ್ರ ಸರಿಯಿಲ್ಲ ಎಂದರ್ಥ. ಆದರೆ ಅಂಕಿಯೂ ಕೆಲವೊಮ್ಮೆ ಬದಲಾಗುತ್ತದೆ. ಕಳೆದ ವಾರ 24 ಆಗಿದ್ದದ್ದು ಈ ವಾರ 31 ಆಗಿರಬಹುದು. ಅದನ್ನು ಸ್ಥಿರಪಡಿಸಿರೆಂದು ಕಚೇರಿಯ ತಂತ್ರಜ್ಞರನ್ನು ಕೇಳಿಕೊಳ್ಳುವುದು ಲೇಸು.

ನಾಲ್ಕನೆಯದು ಬಹಳ ಸರಳ, ಆದ್ದರಿಂದಲೇ ಮರೆತುಹೋಗುವಂಥದು. ಆ ಕಂಪ್ಯೂಟರು ಎಚ್ಚರವಾಗಿದೆಯೇ? ಯಾರೂ ಮುಟ್ಟದೆ ಕೆಲಹೊತ್ತು ಕಳೆದರೆ ಅದು ನಿದ್ರೆಗೆ ಜಾರುವಂತೆ ಏರ್ಪಾಡಾಗಿರಬಹುದು. ಭಾನುವಾರ ಕರೆಂಟು ಹೋಗಿ ಬಂದಿದ್ದರೆ ತಾನಾಗಿ ಹೊತ್ತಿಕೊಳ್ಳದೆಯೂ ಇರಬಹುದು. ಶನಿವಾರ ಸಂಜೆಯೇ ನಿದ್ರೆಯ ಏರ್ಪಾಡನ್ನು ತೆಗೆದು ಬರುವುದು ಜಾಣತನ.

ಐದನೆಯದು ಕಂಪ್ಯೂಟರಿನ ಸ್ವಂತ ಬಾಗಿಲು. ರಿಮೋಟ್ ಡೆಸ್ಕ್‌ಟಾಪಿಗೆ ಗೊತ್ತಾದ ಬಾಗಿಲಿನ ಸಂಖ್ಯೆ 3389. ಅದು ತೆರೆದಿದೆಯೇ ಎಂದು ನೋಡಲು ವಿಂಡೋಸಿನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆಯುಂಟು. ಪಿಂಗ್ ಮಾಡಿದಾಗ ಉತ್ತರ ಬಾರದಿದ್ದರೆ ಅಷ್ಟರಿಂದಲೇ ನಿರಾಶರಾಗಬೇಡಿ. ಎಷ್ಟೋ ಕಂಪ್ಯೂಟರುಗಳು ಪಿಂಗಿಗೆ ಮೌನವಾಗಿರುತ್ತವೆ. ಎಚ್ಚರವಾಗಿರುವ ಕಂಪ್ಯೂಟರಿನಲ್ಲೂ ಬಾಗಿಲು ಮುಚ್ಚಿದ್ದರೆ ಫೈರ್‌ವಾಲ್ ತಡೆದಿರಬಹುದು, ಅನುಮತಿ ಕೊಟ್ಟಿಲ್ಲದಿರಬಹುದು. ವಿಂಡೋಸಿನ ಹೋಮ್ ಆವೃತ್ತಿಗಂತೂ ಹೀಗೆ ಹೊರಗಿನವರನ್ನು ಬರಮಾಡಿಕೊಳ್ಳುವ ಸೌಕರ್ಯವೇ ಇಲ್ಲ. ಅದಕ್ಕೆ ಪ್ರೊ ಆವೃತ್ತಿ ಬೇಕು.

ಕಡೆಯದು ಪಾಸ್‌ವರ್ಡು. ಅದನ್ನು ಕೇಳಿ ಆಮೇಲೆ ನಿರಾಕರಿಸಿದರೆ ಸಾಮಾನ್ಯವಾಗಿ ಜಾಲ ನಿರ್ದೋಷಿ. ಈ ಘಟ್ಟದಲ್ಲಿ ಮನೆಯ ರೂಟರನ್ನು ಹತ್ತುಸಲ ಆರಿಸಿ ಹೊತ್ತಿಸುವವರಿದ್ದಾರೆ, ಅದರಿಂದ ಫಲವಿಲ್ಲ. ಪಾಸ್‌ವರ್ಡಿನ ಅವಧಿ ಮುಗಿದಿರಬಹುದು, ಅಥವಾ ಒಳಬರಲು ಅನುಮತಿ ಪಡೆದವರ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿರಬಹುದು. ಇವೆರಡೂ ಕಚೇರಿಯವರೇ ಸರಿಪಡಿಸಬೇಕಾದ ಸಂಗತಿಗಳು.

ಇಷ್ಟೆಲ್ಲ ಹೇಳಿದ ಮೇಲೆ ಅತಿ ಮುಖ್ಯವಾದ ಮಾತು ಉಳಿದಿದೆ. ಇಂಥ ಇಕ್ಕಟ್ಟಿನಲ್ಲಿ ‘ಬಲ್ಲವ’ರೊಬ್ಬರು ಉಪಾಯ ಸೂಚಿಸುವುದುಂಟು: “ವಿಪಿಎನ್ ಗೊಡವೆಯೇ ಬೇಡ, ಕಚೇರಿಯ ರೂಟರಿನಲ್ಲಿ 3389ನ್ನು ಹೊರಜಗತ್ತಿಗೆ ತೆರೆದುಬಿಡಿ.” ಹಾಗೆ ಮಾಡಿದರೆ ಅನೇಕ ವೇಳೆ ಸಂಪರ್ಕ ಥಟ್ಟನೆ ಸಿಗುತ್ತದೆ. ಅಪಾಯವಿರುವುದೂ ಅಲ್ಲೇ. ನಮಗೆ ತೆರೆದ ಬಾಗಿಲು ಎಲ್ಲರಿಗೂ ತೆರೆದಂತೆ. ಹಳೆಯ ಪದ್ಧತಿಯ ಅಂತರ್ಜಾಲ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವುಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತ ಹಗಲಿರುಳು ದುಡಿಯುವ ತಂತ್ರಾಂಶಗಳನ್ನು ಕಳ್ಳರು ಹೂಡಿರುತ್ತಾರೆ. ಬಾಗಿಲು ಸಿಕ್ಕಿದರೆ ಪಾಸ್‌ವರ್ಡುಗಳನ್ನು ಊಹಿಸಿ ನೋಡುವುದು ಮುಂದಿನ ಕೆಲಸ. ಸಂಖ್ಯೆಯನ್ನು 3389ರ ಬದಲು ಬೇರೆಯದಕ್ಕೆ ಬದಲಿಸಿದರೂ ಅಡಗಿಕೊಂಡಂತಾಗದು. ಹುಡುಕಲು ಕೊಂಚ ಹೆಚ್ಚು ಹೊತ್ತು ಹಿಡಿದೀತು, ಅಷ್ಟೇ.

2019ರಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾಯಿತು. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿದ್ದ ಈ ದೋಷದಿಂದ, ಪಾಸ್‌ವರ್ಡು ಇಲ್ಲದೆಯೇ ಈ ಬಾಗಿಲಿನ ಮೂಲಕ ಒಳನುಗ್ಗುವುದು ಸಾಧ್ಯವಿತ್ತು. ಅದೆಷ್ಟು ಗಂಭೀರವೆಂದರೆ, 2014ರಲ್ಲೇ ಪೋಷಣೆ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆ ಮೇ ತಿಂಗಳ 14ರಂದು ಪರಿಹಾರವನ್ನು ಬಿಡುಗಡೆ ಮಾಡಿತು. ಹೀಗೆ ಒಳಹೊಕ್ಕ ಕಳ್ಳರು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತಾರೆ.

ಇದು ಕಚೇರಿಯ ಯಜಮಾನರ ನಷ್ಟ ಮಾತ್ರವೆಂದು ಭಾವಿಸಬಾರದು. ಒಬ್ಬ ಲೆಕ್ಕಪರಿಶೋಧಕರ ಕಚೇರಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಒಂದು ಕಂಪ್ಯೂಟರಿನಲ್ಲಿ ನೂರಾರು ಕುಟುಂಬಗಳ ಪ್ಯಾನ್ ಸಂಖ್ಯೆ, ಬ್ಯಾಂಕಿನ ಲೆಕ್ಕ, ಸಂಬಳ, ಸಾಲ ಎಲ್ಲವೂ ಇರುತ್ತದೆ. ನಮ್ಮ ನಿಮ್ಮ ಮನೆಯ ಗುಟ್ಟು ಯಾರದೋ ಅವಸರದ ಒಂದು ರಾತ್ರಿಯ ಕೈಯಲ್ಲಿದೆ! ಗಡುವು ಮೀರಿದರೆ ದಂಡ ತೆತ್ತು ಮುಗಿಸಬಹುದು. ಹೊರಬಿದ್ದ ಗುಟ್ಟನ್ನು ಒಳಕ್ಕೆ ಕರೆಯಲಾಗದು.

ಆದ್ದರಿಂದ ಬಾಗಿಲನ್ನು ಈಗಾಗಲೇ ತೆರೆದಿರುವವರು ಇಂದೇ ಮುಚ್ಚಿಸಲಿ. ವಿಪಿಎನ್ ಇರಲಿ, ಇಲ್ಲವೇ ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇ ಎಂಬ ಕಾವಲು ಬಾಗಿಲಿರಲಿ. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಎರಡನೆಯ ಪರೀಕ್ಷೆಯೂ ಇರಲಿ. ಕಡತಗಳ ಒಂದು ಪ್ರತಿಯನ್ನು ಜಾಲಕ್ಕೆ ಸೇರಿಸದೆ ಬೇರೆ ಇಟ್ಟಿರಲಿ. ಕೇಳದೆಯೇ ಫೋನು ಮಾಡಿ, ‘ನಿಮ್ಮ ಕಂಪ್ಯೂಟರನ್ನು ನಾನೇ ಸರಿಪಡಿಸುತ್ತೇನೆ, ಈ ತಂತ್ರಾಂಶ ಹಾಕಿಕೊಳ್ಳಿ’ ಎನ್ನುವ ಅಪರಿಚಿತರಿಗೆ ಮಾತ್ರ ಕಿವಿಗೊಡಬೇಡಿ.

ಕಚೇರಿಯ ತಂತ್ರಜ್ಞರಿಗೆ ಫೋನು ಮಾಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ವಿಪಿಎನ್ ಕೂಡಿತೇ, ಹಾಟ್‌ಸ್ಪಾಟಿನಿಂದ ಏನಾಯಿತು, ಪಾಸ್‌ವರ್ಡು ಕೇಳಿತೇ, ಪರದೆಯ ಮೇಲೆ ಬಂದ ಮಾತು ಯಥಾವತ್ತಾಗಿ ಏನು. ‘ಏನೂ ಬರ್ತಾ ಇಲ್ಲ’ ಎಂಬ ಗೋಳಿಗಿಂತ ಈ ನಾಲ್ಕು ಸಾಲಿನ ಚೀಟಿಯಿಂದ ನಿಮ್ಮ ರಾತ್ರಿಯೂ ಉಳಿದೀತು, ಅವರ ಭಾನುವಾರವೂ ಉಳಿದೀತು.