ಹಳೇ ಸೇತುವೆ ಬೇಕಾ, ಬೇಡ್ವಾ?

ನಮ್ಮ ಬಿಳೇಕಹಳ್ಳಿಯವರಿಗೆ ಸೇತುವೆ ಅಂದ್ರೆ ನದಿ ನೆನಪಾಗೋದಿಲ್ಲ. ಇಲ್ಲಿ ನದಿ ಎಲ್ಲಿದೆ ಹೇಳಿ? ಸೇತುವೆ ಅಂದ್ರೆ ಫ್ಲೈಓವರ್, ಫ್ಲೈಓವರ್ ಅಂದ್ರೆ ಜಯದೇವ. ಆ ಜಯದೇವ ಫ್ಲೈಓವರ್ ಕಥೆ ನಿಮಗೆಲ್ಲ ಗೊತ್ತೇ ಇದೆ. 2006ರಲ್ಲಿ ವಾಹನಗಳಿಗೆ ತೆರೆದರು, 2020ರಲ್ಲಿ ಮೆಟ್ರೋಗೋಸ್ಕರ ಕೆಡವಿದರು. ಹದಿನಾಲ್ಕು ವರ್ಷ! ನಮ್ಮ ಮನೆಯ ಮಿಕ್ಸಿಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ, ಇನ್ನೂ ಚಟ್ನಿ ರುಬ್ಬುತ್ತಿದೆ.

ಕೆಡವುವಾಗ ಯಾರೂ ಅಳಲಿಲ್ಲ. ನಾನೂ ಅಳಲಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ನಿಂತು ನಿಂತು ಸಾಕಾಗಿದ್ದವರಿಗೆ ಅಳೋದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಇದ್ದ ಒಂದೇ ಚಿಂತೆ ಅಂದ್ರೆ, ಇನ್ನೆಷ್ಟು ದಿನ ಸುತ್ತು ಹಾಕಬೇಕು ಅನ್ನೋದು. ಈಗ ಅದೇ ಜಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಎದ್ದಿದೆ, 2025ರ ಆಗಸ್ಟಿನಿಂದ ಹಳದಿ ಮಾರ್ಗದ ರೈಲೂ ಓಡುತ್ತಿದೆ. ಹಳೇ ಫ್ಲೈಓವರ್ ಹೇಗಿತ್ತು ಅಂತ ನೆನಪು ಮಾಡಿಕೊಳ್ಳೋಕೆ ಹೋದರೆ ನಿಜವಾಗ್ಲೂ ಕಣ್ಣಿಗೆ ಬರೋದಿಲ್ಲ.

ಇದೆಲ್ಲ ಈಗ ಯಾಕೆ ಅಂದ್ರೆ, ಮುಂಬಯಿಯಲ್ಲಿರೋ ನಮ್ಮ ಭಾವನ ಒಂದು ಫೋನ್. ಅಕ್ಕ-ಭಾವ ಇರೋದು ಪ್ರಭಾದೇವಿ ಕಡೆ. ಮಂಡ್ಯ ಬಿಟ್ಟು ಮೂವತ್ತು ವರ್ಷದ ಮೇಲಾಯ್ತು, ಆದರೂ ಫೋನಿನಲ್ಲಿ ಮಂಡ್ಯದ ಭಾಷೆಯೇ. 2025ರ ಸೆಪ್ಟೆಂಬರಿನಲ್ಲಿ ಅವರ ಮನೆ ಹತ್ತಿರದ ಎಲ್ಫಿನ್‌ಸ್ಟನ್ ಸೇತುವೆ ಮುಚ್ಚಿದರು. ಬ್ರಿಟಿಷರ ಕಾಲದ ಸೇತುವೆ, ನೂರು ವರ್ಷ ದಾಟಿದ್ದು. ಕೆಳಗೆ ರೈಲು ಹಳಿ, ಆಕಡೆ ಪರೇಲ್, ಈಕಡೆ ಪ್ರಭಾದೇವಿ. ಅದನ್ನ ಕೆಡವಿ ಅಲ್ಲಿ ಎರಡು ಅಂತಸ್ತಿನ ಹೊಸ ಸೇತುವೆ ಅಂತೆ. ಶಿವಡಿಯಿಂದ ವರಳಿಗೆ ಹೋಗೋ ಎತ್ತರದ ರಸ್ತೆ ಮೇಲಿನ ಅಂತಸ್ತಿನಲ್ಲಿ, ಊರಿನ ಓಡಾಟ ಕೆಳಗಿನದರಲ್ಲಿ.

"ಏಪ್ರಿಲ್‌ನಲ್ಲೇ ಮುಚ್ಚಕ್ಕೆ ಬಂದಿದ್ರು ಕಣಯ್ಯಾ, ಜನ ಬಿಡಲಿಲ್ಲ" ಅಂದರು ಭಾವ.

"ಯಾಕೆ, ಹಳೇ ಸೇತುವೆ ಅಂತ ಅಭಿಮಾನಾನಾ?"

"ಅಭಿಮಾನ ಏನ್ ಬಂತು. ಪಕ್ಕದ ಚಾಳ್‌ನೋರು ಮನೆ ಕಳ್ಕೋತಾರೆ, ಅವ್ರಿಗೆ ಇಲ್ಲೇ ಎಲ್ಲಾದ್ರೂ ಮನೆ ಕೊಟ್ಟು ಆಮೇಲೆ ಮುಟ್ಟಿ ಅಂತ. ಇನ್ನ ನಂದು ನೋಡು, ಚೆಕಪ್‌ಗೆ ಕೆಇಎಂಗೆ ಹೋಗ್ಬೇಕು. ಆಟೋ ಇಲ್ಲ, ಬಸ್ಸು ದಾದರ್ ಸುತ್ತಿ ಬರ್ಬೇಕು. ರೈಲ್ವೆಯೋರ ಮೆಟ್ಲು ಹತ್ತಿ ದಾಟು ಅಂತಾರೆ, ಮಂಡಿ ಬಿಡ್ಬೇಕಲ್ಲ!"

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಳೇ ಸೇತುವೆ ಕೆಡವಬೇಡಿ ಅಂತ ಎಲ್ಲಿ ಜನ ಎದ್ದು ನಿಂತರೂ ಪೇಪರಿನವರು ಬರೆಯೋದು ಒಂದೇ ಥರ. ಪರಂಪರೆ, ಇತಿಹಾಸ, ಭಾವನೆ. ಎದುರಿನವರು ಹೇಳೋದೂ ಒಂದೇ ಥರ. ಇವರು ಅಭಿವೃದ್ಧಿ ವಿರೋಧಿಗಳು. ಆದರೆ ಅಲ್ಲಿ ನಿಂತವರನ್ನ ಕೇಳಿದರೆ ಒಬ್ಬನಿಗೆ ಮನೆ, ಒಬ್ಬನಿಗೆ ಮಂಡಿನೋವು, ಒಬ್ಬಳಿಗೆ ಮಗುವಿನ ಸ್ಕೂಲು. ಪರೇಲಿನಲ್ಲಿ ಕೆಇಎಂ ಇದೆ, ಟಾಟಾ ಕ್ಯಾನ್ಸರ್ ಆಸ್ಪತ್ರೆ ಇದೆ. ನೂರು ವರ್ಷ ಒಂದು ಸೇತುವೆ ನಿಂತಿದ್ದರೆ ಅದರ ಎರಡೂ ಕಡೆ ಊರು ಅದನ್ನ ನಂಬಿಕೊಂಡೇ ಬೆಳೆದಿರುತ್ತೆ. ನನ್ನ ಮಟ್ಟಿಗೆ ಚರಿತ್ರೆ ಅಂದ್ರೆ ಅದೇ. ಕಲ್ಲಿನ ಮೇಲೆ ಕೆತ್ತಿದ ಇಸವಿ ಆಮೇಲಿನ ಮಾತು.

ನನ್ನ ಸೇತುವೆ ಬೇರೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ.

ಚಿಕ್ಕಂದಿನಲ್ಲಿ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಕಾವೇರಿ ಬಂದ ಕೂಡಲೇ ಅಜ್ಜಿ ಸೊಂಟದ ಎಲೆಅಡಿಕೆ ಚೀಲದಿಂದ ನಾಲ್ಕಾಣೆ ತೆಗೆದು ನೀರಿಗೆ ಎಸೆಯೋಳು. ಎಷ್ಟೋ ಸಲ ಕಾಸು ನೀರಿಗೆ ಬೀಳದೆ ಕಟ್ಟೆಗೆ ಬಡಿದು ಅಲ್ಲೇ ಉಳೀತಿತ್ತು ಅಂತ ನನ್ನ ಗುಮಾನಿ. ದೊಡ್ಡವನಾದ ಮೇಲೆ ಒಂದು ಸಲ ಬೇಸಿಗೆಯಲ್ಲಿ ಕೆಳಗಿಳಿದು ನೋಡಿದೆ. ನೋಡಿ, ಅಷ್ಟು ದಿನ ಅದರ ಮೇಲೆ ಹೋಗಿದ್ದೆನೇ ಹೊರತು ಸೇತುವೆಯನ್ನ ನೋಡಿರಲೇ ಇಲ್ಲ! ಕಮಾನೇ ಇಲ್ಲ. ಸಾಲು ಸಾಲು ಕಲ್ಲುಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ, ಮೇಲೆ ಚಪ್ಪಡಿ. ನಮ್ಮೂರ ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ನದಿಯಲ್ಲಿ ನಿಲ್ಲಿಸಿದ ಹಾಗೆ. ಐನೂರು ಅಡಿಗೂ ಜಾಸ್ತಿ ಉದ್ದ. ಹೆಸರು ಇಂಗ್ಲಿಷಿನದು, ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಟ್ಟಿಸಿದವರು ದಿವಾನ್ ಪೂರ್ಣಯ್ಯ, ಕಟ್ಟಿದವರು ನಮ್ಮ ಕಲ್ಲುಕುಟಿಗರು. 1804ರಲ್ಲಿ ಮುಗಿಯಿತು. ಟಿಪ್ಪು ಸತ್ತು ಐದೇ ವರ್ಷ, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ.

ಆಮೇಲೆ 1924ರ ಮಹಾ ಪ್ರವಾಹ ಬಂದು ಹೋಯ್ತು. ಕೆ.ಆರ್.ಎಸ್.ನಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟ ಮಳೆಗಾಲಗಳು ಎಷ್ಟೋ. ಪೂರ್ಣಯ್ಯನವರು ಲಾರಿ ನೋಡಿದವರಲ್ಲ, ಆದರೂ ಲಾರಿಗಳೂ ಎಷ್ಟೋ ವರ್ಷ ಅದರ ಮೇಲೇ ಹೋದವು. ಹೊಸ ಸೇತುವೆ ಬೇಕಾದಾಗ ನಮ್ಮವರು ಹಳೇದನ್ನ ಕೆಡವಲಿಲ್ಲ, ಪಕ್ಕದಲ್ಲಿ ಕಟ್ಟಿದರು. ಈಗಂತೂ 2023ರ ಎಕ್ಸ್‌ಪ್ರೆಸ್ ಹೈವೇ ಪಟ್ಟಣವನ್ನೇ ಬಿಟ್ಟು ಹೋಗುತ್ತೆ.

"ಆಯ್ತಲ್ಲಪ್ಪಾ, ಹಳೇದು ಇರಲಿ, ಪಕ್ಕದಲ್ಲಿ ಹೊಸದು ಕಟ್ಲಿ. ಮುಗೀತು" ಅಂದ ನನ್ನ ಮಗ. ಸಿವಿಲ್ ಇಂಜಿನಿಯರಿಂಗ್ ಓದ್ತಾನೆ, ಅವನಿಗೆ ಎಲ್ಲವೂ ಬೇಗ ಮುಗಿಯುತ್ತೆ :-)

ಮುಗಿಯೋದಿಲ್ಲ. ಅದೇ ಕಾವೇರಿಯಲ್ಲಿ ಇನ್ನೂ ಕೆಳಗೆ ಹೋಗಿ, ಶಿವನಸಮುದ್ರದ ಹತ್ತಿರ. ಅಲ್ಲೂ ಕಲ್ಲುಕಂಬದ ಹಳೇ ಸೇತುವೆ, ಜನ ವೆಸ್ಲಿ ಸೇತುವೆ ಅಂತಾರೆ. ಅಲ್ಲೂ ಪಕ್ಕದಲ್ಲಿ ಹೊಸದು ಬಂತು. ಹೊಸದು ಬಂದ ದಿನದಿಂದ ಹಳೇದು ಅನಾಥ. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಕೊಂಡು ಹೋಯ್ತು. ಯಾರೂ ಕೆಡವಲಿಲ್ಲ, ಹಾಗಾಗಿ ಯಾರೂ ವಿರೋಧ ಮಾಡೋ ಪ್ರಶ್ನೆಯೇ ಬರಲಿಲ್ಲ! ಕೆಡವೋಕೆ ಬಂದಿದ್ದರೆ ನಾವು ನಾಲ್ಕು ಜನ ಬೋರ್ಡು ಹಿಡಿದು ನಿಲ್ಲುತ್ತಿದ್ದೆವೇನೋ. ಕಂಬದ ಸಂದಿಯಲ್ಲಿ ಗಿಡ ಬೆಳೆದರೆ ಯಾರ ಮುಂದೆ ಬೋರ್ಡು ಹಿಡಿಯೋದು?

ಇನ್ನೊಂದು ಕಡೆಯ ಮಾತೂ ಇದೆ, ಅದನ್ನ ಹೇಳದೇ ಹೋದರೆ ನಾನು ಸುಳ್ಳುಗಾರ. 2016ರ ಆಗಸ್ಟ್ 2ರ ರಾತ್ರಿ. ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಮಹಾಡ್ ಹತ್ತಿರ ಸಾವಿತ್ರಿ ನದಿ. ಬ್ರಿಟಿಷರ ಕಾಲದ ಕಮಾನು ಸೇತುವೆ ಪ್ರವಾಹಕ್ಕೆ ಕುಸಿದು ಎರಡು ಸರ್ಕಾರಿ ಬಸ್ಸು, ಬೇರೆ ವಾಹನ ಕತ್ತಲಲ್ಲಿ ನೀರಿಗೆ ಹೋದವು. ಎರಡು ಡಜನ್‌ಗೂ ಹೆಚ್ಚು ಜನ ಸತ್ತರು. ಅಲ್ಲೂ ಪಕ್ಕದಲ್ಲಿ ಹೊಸ ಸೇತುವೆ ಇತ್ತು ಸ್ವಾಮಿ. ಹಳೇದನ್ನ ಒಂದು ದಿಕ್ಕಿನ ವಾಹನಗಳಿಗೆ ಇಟ್ಟುಕೊಂಡಿದ್ದರು. ಅದೇ ಮೇ ತಿಂಗಳಲ್ಲಿ ತಪಾಸಣೆ ಮಾಡಿ ಸರಿ ಇದೆ ಅಂದಿದ್ದರು. ಆ ಬಸ್ಸಿನಲ್ಲಿದ್ದವರ ಮನೆಯವರ ಮುಂದೆ ಹೋಗಿ ಪರಂಪರೆ ಅಂತ ಭಾಷಣ ಮಾಡೋ ಧೈರ್ಯ ನನಗಿಲ್ಲ.

ಹಾಗಾದರೆ ಹಳೇದೆಲ್ಲ ಕೆಡವೋಣವೇ? ಕಾರವಾರದ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಬಿತ್ತು, ಲಾರಿ ಸಮೇತ. ಚಾಲಕ ಬದುಕಿದ್ದು ಪುಣ್ಯ. ಅದಕ್ಕೆ ಸುಮಾರು ನಲವತ್ತು ವರ್ಷ ಅಷ್ಟೆ. ಗುಜರಾತಿನ ಗಂಭೀರಾ ಸೇತುವೆ 1985ರದ್ದು, 2025ರ ಜುಲೈನಲ್ಲಿ ಬಿದ್ದು ಸುಮಾರು ಇಪ್ಪತ್ತು ಜನ ಹೋದರು. ಸಿಮೆಂಟು ಕಬ್ಬಿಣದ ಸೇತುವೆಗಳು ನಲವತ್ತಕ್ಕೇ ಮಲಗುತ್ತಿವೆ, ಪೂರ್ಣಯ್ಯನವರ ಕಲ್ಲು ಇನ್ನೂರಿಪ್ಪತ್ತು ದಾಟಿ ನಿಂತಿದೆ. ಸೇತುವೆಗೆ ವಯಸ್ಸು ಎಷ್ಟು ಅಂತ ಕೇಳೋದೇ ತಪ್ಪು ಪ್ರಶ್ನೆ ಅನ್ನಿಸುತ್ತೆ ನನಗೆ. ಕೊನೇ ಸಲ ಅದರ ಕೆಳಗೆ ಇಳಿದು ಬುಡ ನೋಡಿದವರು ಯಾರು, ಯಾವಾಗ, ಏನು ಬರೆದರು? ಇದನ್ನ ಕೇಳಬೇಕು. ಬರೆದದ್ದನ್ನ ಜನರಿಗೆ ತೋರಿಸಬೇಕು. ಅಪಾಯ ಅಂತ ಇಂಜಿನಿಯರು ಬರೆದಿದ್ದರೆ ಆ ದಿನವೇ ವಾಹನ ನಿಲ್ಲಿಸಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ವಾಹನ ನಿಲ್ಲಿಸೋದು ಬೇರೆ, ಕೆಡವೋದು ಬೇರೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಜನರನ್ನ ಹೆದರಿಸೋದಿದೆಯಲ್ಲ, ನನ್ನ ಸಿಟ್ಟು ಅದರ ಮೇಲೆ.

ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ಸ್ಟೀಲ್ ಸೇತುವೆ ಗಲಾಟೆ ನಡೆಯಿತಲ್ಲ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. ಅದು ಹಳೇದನ್ನ ಉಳಿಸೋ ಹೋರಾಟ ಅಲ್ಲ, ಹೊಸದು ಬೇಡ ಅನ್ನೋದು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ಸಾಲಾಗಿ ನಿಂತರು. ನಾನೂ ಹೋಗಿದ್ದೆ. ಬಿಳೇಕಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ. ಪಕ್ಕದಲ್ಲಿ ನಿಂತವರೊಬ್ಬರು ಕೇಳಿದರು, "ನಿಮ್ಮ ಏರಿಯಾ ಅಲ್ಲವಲ್ಲ, ನೀವ್ಯಾಕೆ ಬಂದ್ರಿ?" ನಿಜ, ನಾನು ಏರ್‌ಪೋರ್ಟಿಗೆ ಹೋಗೋದು ವರ್ಷಕ್ಕೊಮ್ಮೆ, ಅದೂ ಯಾರನ್ನಾದರೂ ಬಿಡೋಕೆ. ಆದರೆ ಅಷ್ಟು ದೊಡ್ಡ ಕೆಲಸ ಮಾಡುವಾಗ ಊರನ್ನ ಸರಿಯಾಗಿ ಕೇಳಲೇ ಇಲ್ಲವಲ್ಲ ಅನ್ನೋದು ನನ್ನ ತಕರಾರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಗೆದ್ದೆವು ಅಂತ ಸಿಹಿ ಹಂಚಿದವರೂ ಉಂಟು. ಹೆಬ್ಬಾಳದ ಟ್ರಾಫಿಕ್ ಮಾತ್ರ ಸಿಹಿ ಆಗಲಿಲ್ಲ, ಅದನ್ನೂ ಒಪ್ಪಿಕೊಳ್ಳೋಣ. ಬೇಡ ಅಂದವರಿಗೆ ಮತ್ತೇನು ಬೇಕು ಅಂತ ಹೇಳೋ ಜವಾಬ್ದಾರಿಯೂ ಇರುತ್ತೆ. ಬಸ್ಸು ಹೆಚ್ಚು ಮಾಡಿ, ಸಬರ್ಬನ್ ರೈಲು ತನ್ನಿ ಅಂತ ಹೇಳಿದ್ದೆವು ನಿಜ. ಹೇಳಿ ಮನೆಗೆ ಹೋದೆವು.

ಹಳೇದನ್ನ ಉಳಿಸಿಕೊಂಡ ಊರುಗಳೂ ಇವೆ. ಅಹಮದಾಬಾದಿನಲ್ಲಿ ಸಾಬರಮತಿಗೆ ಅಡ್ಡವಾಗಿ ಎಲ್ಲಿಸ್ ಸೇತುವೆ ಇದೆ, 1892ರ ಉಕ್ಕಿನ ಸೇತುವೆ. ವಾಹನ ಜಾಸ್ತಿ ಆದಾಗ ಅದರ ಎರಡೂ ಪಕ್ಕ ಕಾಂಕ್ರೀಟಿನ ಹೊಸ ಸೇತುವೆ ಕಟ್ಟಿ ನಡುವೆ ಹಳೇದನ್ನ ಬಿಟ್ಟರು. ಮುಂದೆ ಒಮ್ಮೆ ಅದನ್ನೂ ತೆಗೆಯೋ ಯೋಚನೆ ಬಂತು, ಊರಿನವರು ಒಪ್ಪಲಿಲ್ಲ, ಕೈಬಿಟ್ಟರು. ನಮ್ಮ ಶ್ರೀರಂಗಪಟ್ಟಣದಲ್ಲೇ ಇನ್ನೂ ಸೋಜಿಗದ ಕೆಲಸ ಆಗಿದೆ. ಜೋಡಿ ರೈಲು ಹಳಿಗೆ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡ ಬಂತು. ವರ್ಷಗಟ್ಟಲೆ ಕೆಲಸ ನಿಂತಿತ್ತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಇಟ್ಟರು! ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಆದರೆ ಭಾವನ ಎಲ್ಫಿನ್‌ಸ್ಟನ್‌ಗೆ ಈ ದಾರಿ ಇಲ್ಲ. ಅಲ್ಲಿ ಪಕ್ಕ ಅನ್ನೋದೇ ಇಲ್ಲ. ಆಕಡೆ ಚಾಳು, ಈಕಡೆ ಸ್ಟೇಷನ್ನು. 2017ರಲ್ಲಿ ಅದೇ ಸ್ಟೇಷನ್ನಿನ ಕಿರಿದಾದ ಪಾದಚಾರಿ ಸೇತುವೆ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತಿದ್ದು ಮರೆಯೋಕಾಗುತ್ತಾ? ಆ ಜಾಗಕ್ಕೆ ಅಗಲವಾದ ದಾರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಭಾವನಿಗೂ ಹಾಗೇ ಹೇಳಿದೆ. ಸೇತುವೆ ಹೋಗಬೇಕಾಗಿತ್ತೇನೋ. ಆದರೆ ಮೊದಲು ಮನೆಯವರಿಗೆ ಮನೆ, ಆಸ್ಪತ್ರೆಗೆ ದಾರಿ, ಆಮೇಲೆ ಜೆಸಿಬಿ. ಈ ಕ್ರಮವನ್ನ ಕೇಳಿದ್ದಕ್ಕೇ ಅವರನ್ನ ವಿರೋಧಿಗಳು ಅಂದರೆ, ಆ ಪಟ್ಟಿಯಲ್ಲಿ ನನ್ನ ಹೆಸರೂ ಬರೆದುಕೊಳ್ಳಿ.

"ನೀನು ಯಾವ ಪಾರ್ಟಿನಯ್ಯಾ, ಉಳಿಸು ಅಂತೀಯ, ಕೆಡವು ಅಂತೀಯ" ಅಂತ ಬೈದರು ಭಾವ. ಬೈಯ್ಯಲಿ. ವೆಲ್ಲೆಸ್ಲಿ ಸೇತುವೆ ಮುಟ್ಟೋಕೆ ನಾಳೆ ಯಾರಾದರೂ ಬಂದರೆ ನಾನು ಖಂಡಿತ ಹೋಗಿ ನಿಲ್ಲುತ್ತೇನೆ, ಅಲ್ಲಿ ಕೆಡವೋಕೆ ಯಾವ ಕಾರಣವೂ ಇಲ್ಲ, ಹೆದ್ದಾರಿಯ ಭಾರವೂ ಅದರ ಮೇಲಿಲ್ಲ. ಆದರೆ ಯಾರೂ ಬರೋದಿಲ್ಲ ಅನ್ನೋದೇ ನನ್ನ ಭಯ. ಶಿವನಸಮುದ್ರಕ್ಕೂ ಯಾರೂ ಬಂದಿರಲಿಲ್ಲ.

ಅಂದ ಹಾಗೆ, ಅಕ್ಕ-ಭಾವ ಯುಗಾದಿಗೆ ಬರ್ತೀವಿ ಅಂದಿದ್ದಾರೆ. ಮೈಸೂರಿಗೆ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬೇಡ, ಹಳೇ ರಸ್ತೆಯಲ್ಲೇ ಹೋಗೋಣ ಅಂತ ಭಾವನದೇ ಹಟ. ಮಗನನ್ನೂ ಕರ್ಕೊಂಡು ಹೋಗಿ ಸೇತುವೆ ಕೆಳಗೆ ಇಳಿಸಬೇಕು ಅಂತಿದ್ದೀನಿ, ಕಂಬದ ಸಂದಿಯಲ್ಲಿ ಎಷ್ಟು ಅರಳಿಗಿಡ ಇದೆ ಎಣಿಸಿ ಬರಲಿ. ಅಕ್ಕ ಈಗಲೇ ಹೇಳಿದ್ದಾಳೆ, ಚಿಲ್ಲರೆ ಕಾಸು ಜೋಪಾನವಾಗಿ ಎತ್ತಿಟ್ಟಿರು ಅಂತ.