ಕಾರವಾರ ನಮ್ಮದು, ಸರಿ. ಕಾರವಾರದ ಜನ ಯಾರವರು?

ಕನ್ನಡದ ಗೆಳೆಯನೇ,

ನವೆಂಬರ್ ಒಂದಕ್ಕೆ ಹಳದಿ-ಕೆಂಪು ಶಾಲು ಹೊದ್ದು, ಬೈಕಿಗೆ ಬಾವುಟ ಕಟ್ಟಿ, ಗಂಟಲು ಹರಿಯುವ ಹಾಗೆ ‘ಬೆಳಗಾವಿ ನಮ್ಮದು, ಕಾರವಾರ ನಮ್ಮದು’ ಎಂದು ಕೂಗಿದ್ದೀಯಲ್ಲ? ಕೂಗಬೇಕಾದ್ದೇ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬೆಳಗಾವಿ, ನಿಪ್ಪಾಣಿಯ ಜೊತೆ ಕಾರವಾರವನ್ನೂ ಕೇಳಿರುವಾಗ ಸುಮ್ಮನೆ ಕೂರುವವನು ಕನ್ನಡಿಗನೇ ಅಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳು. ನೆಲ ನಮ್ಮದು ಎನ್ನುವ ನಿನಗೆ ಆ ನೆಲದ ಮೇಲೆ ಯಾರಿದ್ದಾರೆ ಗೊತ್ತೇ?

ಕಾರವಾರದಿಂದ ಅಂಕೋಲೆಗೆ ಬಸ್ಸು ಹತ್ತು. ಬಿಣಗಾ ದಾಟಿದರೆ ಅರ್ಗಾ. ಒಂದು ಕಡೆ ಸಹ್ಯಾದ್ರಿಯ ಕಾಡು ರಸ್ತೆಯವರೆಗೆ ಇಳಿದು ಬಂದಿದೆ, ಇನ್ನೊಂದು ಕಡೆ ಗೋಡೆ. ಗೋಡೆಯ ಆಚೆ ಕಡಲಿದೆ, ನಿನಗೆ ಕಾಣುವುದಿಲ್ಲ. ಅದು ಸೀಬರ್ಡ್ ನೌಕಾನೆಲೆ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಹನ್ನೊಂದು ಸಾವಿರ ಎಕರೆಗೂ ಹೆಚ್ಚು ನೆಲ, ನಾಲ್ಕು ಸಾವಿರಕ್ಕೂ ಹೆಚ್ಚು ಸಂಸಾರ. ಮೀನುಗಾರರು, ಗದ್ದೆ ಮಾಡುವವರು, ಹಾಲಕ್ಕಿಗಳು ಎಲ್ಲ ಗಂಟುಮೂಟೆ ಕಟ್ಟಿ ತೋಡೂರಿನಂಥ ಕಡೆ ಪುನರ್ವಸತಿ ಕಾಲನಿಗಳಿಗೆ ಹೋದರು. ದೇಶದ ರಕ್ಷಣೆ ಎಂದಾಗ ಯಾರು ಬೇಡ ಎಂದಾರು? ಆದರೆ ಪರಿಹಾರದ ಹಣಕ್ಕಾಗಿ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಸವೆಸಿದ್ದು ಇದೇ ಜನ. ಈಗಲೂ ಮಳೆಗಾಲ ಬಂತೆಂದರೆ ಅರ್ಗಾ, ಚೆಂಡಿಯಾದ ರಸ್ತೆ, ಅಂಗಳಗಳಲ್ಲಿ ನೀರು. ಗುಡ್ಡದ ನೀರು ಕಡಲಿಗೆ ಹೋಗುವ ದಾರಿಗೆ ಗೋಡೆ ಅಡ್ಡ ನಿಂತಿದೆ ಎನ್ನುವುದು ಊರವರ ದೂರು.

2005ರಲ್ಲಿ ನೆಲೆ ಉದ್ಘಾಟನೆಯಾಯಿತು. ಇಟ್ಟ ಹೆಸರು ‘ಕದಂಬ’! ಇದೇ ಜಿಲ್ಲೆಯ ಬನವಾಸಿಯಲ್ಲಿ ಕೂತು ಆಳಿದ ಮೊದಲ ಕನ್ನಡ ದೊರೆಗಳ ಹೆಸರು. ಕೇಳಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಡಿಗಲ್ಲು ಬಿದ್ದ ಅದೇ 1986ರಲ್ಲಿ ಸರೋಜಿನಿ ಮಹಿಷಿ ಸಮಿತಿಯ ಅಂತಿಮ ವರದಿಯೂ ಬಂತು, ನೆನಪಿದೆಯೇ? ಕೇಂದ್ರದ ಕಚೇರಿ, ಕಾರ್ಖಾನೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸವೆಲ್ಲ ಕನ್ನಡಿಗರಿಗೆ ಎಂದಿತು ಆ ವರದಿ. ಭೂಮಿ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಾಗುವವರೆಗೂ ಗೇಟಿನ ಮುಂದೆ ನಿಂತು ಕೆಲಸ ಕೊಡಿ ಎಂದು ಕೇಳಿದರು. ಹೆಸರು ಕನ್ನಡದ್ದು ಕೊಟ್ಟಿದ್ದೇವಲ್ಲ, ಇನ್ನೇನು ಬೇಕು ಎಂಬಂತಿದೆ ದೆಹಲಿಯ ವರಸೆ.

ಇನ್ನು ರಸ್ತೆ ಬಿಟ್ಟು ಕಾಡಿನ ಕಡೆ ತಿರುಗು. ಅಂಕೋಲೆ, ಕುಮಟೆಯ ಕೊಪ್ಪಗಳಲ್ಲಿ ಹಾಲಕ್ಕಿಗಳು. ಜೋಯಿಡಾದ ಕಾಡಿನೊಳಗೆ ಕುಣಬಿಗಳು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಘಟ್ಟದ ಮೇಲೆ ಸಿದ್ದಿಗಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆ ಬಂದ್. ಕಾಯಿಲೆ ಬಿದ್ದವರನ್ನು ಕಂಬಳಿಯ ಜೋಲಿಯಲ್ಲಿ ಹಾಕಿ ಬಡಿಗೆಗೆ ಕಟ್ಟಿ ಮೈಲುಗಟ್ಟಲೆ ಹೊತ್ತು ತರುವ ಊರು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಮೇಲೆ ಅಣೆಕಟ್ಟು. ಪಕ್ಕದಲ್ಲಿ ಕೈಗಾ ಅಣುಸ್ಥಾವರ. ಅಲ್ಲಿಂದ ಹೊರಟ ತಂತಿ ನಿನ್ನ ಊರಿನ ಮಾಲುಗಳನ್ನು ಬೆಳಗಿಸುತ್ತದೆ. ತಂತಿಯ ಕೆಳಗೆ ಬದುಕುವವರಿಗೆ ಕರೆಂಟು ಬರಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು! ಹುಲಿ ಯೋಜನೆಯವರು ಕುಣಬಿಗಳಿಗೆ ಹೇಳುವುದು ಬೇರೆ: ಕಾಡು ಬಿಟ್ಟು ಹೋಗಿ, ಸಂಸಾರಕ್ಕೆ ಇಷ್ಟು ಲಕ್ಷ ತಗೊಳ್ಳಿ. ಮೊದಲು ಹತ್ತು ಲಕ್ಷ ಎಂದಿದ್ದರು, 2021ರಲ್ಲಿ ಹದಿನೈದು ಮಾಡಿದರು. ರಸ್ತೆ ಕೇಳಿದರೆ ಇಲ್ಲ, ಹೋಗುತ್ತೇನೆಂದರೆ ಹಣ ಸಿದ್ಧ.

ಇಲ್ಲಿ ಕಾನೂನಿನ ಆಟ ಕೇಳು, ಇದು ನೀನು ತಿಳಿಯಲೇಬೇಕಾದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ? ನೀನು ಪರಿಶಿಷ್ಟ ಪಂಗಡದವನಾದರೆ, 2005ರ ಡಿಸೆಂಬರ್ 13ಕ್ಕೆ ಮೊದಲು ಆ ಕಾಡಿನ ನೆಲದಲ್ಲಿ ಇದ್ದೆ ಎಂದು ತೋರಿಸಿದರೆ ಸಾಕು. ಪಂಗಡದವನಲ್ಲವೇ? ಹಾಗಾದರೆ ಮೂರು ತಲೆಮಾರು ಅಲ್ಲಿದ್ದೆ ಎಂದು ತೋರಿಸು. ತಲೆಮಾರಿಗೆ 25ರಂತೆ 75 ವರ್ಷ. ಲೆಕ್ಕ ಹಾಕು: 1930!

ಸಿದ್ದಿಗಳಿಗೆ 2003ರಲ್ಲಿ ಪಂಗಡದ ಪಟ್ಟ ಸಿಕ್ಕಿತು, ಒಳ್ಳೆಯದಾಯಿತು. ಅದೇ ತಿದ್ದುಪಡಿಯಲ್ಲಿ ಗೋವಾದ ಕುಣಬಿಗಳಿಗೂ ಸಿಕ್ಕಿತು. ಗುಡ್ಡದ ಈಚೆ, ಜೋಯಿಡಾದ ಕುಣಬಿಗೆ ಇಲ್ಲ. ಅದೇ ಕುಲ, ಅದೇ ನಂಟಸ್ತಿಕೆ, ಆದರೆ ಹೆಣ್ಣು ಕೊಟ್ಟ ಮನೆಯವರು ಬುಡಕಟ್ಟು, ತಂದ ಮನೆಯವರು ಅಲ್ಲ! ಹಾಲಕ್ಕಿಗಳಿಗೂ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋದ ಕಡತ ಇನ್ನೂ ಕಾನೂನಾಗಿ ಮರಳಿಲ್ಲ.

ಹಾಗಾಗಿ ಹಾಲಕ್ಕಿಯೂ ಕುಣಬಿಯೂ 1930ರ ಕಾಗದ ಹುಡುಕಬೇಕು. ಎಲ್ಲಿಂದ ತರುತ್ತಾರೆ? ಆಗ ಕಾರವಾರ ಇದ್ದದ್ದು ಮುಂಬಯಿ ಇಲಾಖೆಯಲ್ಲಿ. ನಮ್ಮ ರಾಜ್ಯವೇ ಹುಟ್ಟಿರಲಿಲ್ಲ. ತನಗಿಂತ ಇಪ್ಪತ್ತಾರು ವರ್ಷ ಹಳೆಯ ಚೀಟಿಯನ್ನು ಸರ್ಕಾರ ಅಕ್ಷರ ಬಾರದ ಮುದುಕಿಯ ಹತ್ತಿರ ಕೇಳುತ್ತಿದೆ! ಗೇಣಿಗೆ ಗದ್ದೆ ಮಾಡಿಕೊಂಡಿದ್ದವರ ಹೆಸರು ಆಗಿನ ದಫ್ತರದಲ್ಲಿ ಎಲ್ಲಿರುತ್ತದೆ, ಇದ್ದರೆ ಒಡೆಯನ ಹೆಸರು ಇದ್ದೀತು. 1930 ಅಂದರೆ ಯಾವ ವರ್ಷ? ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಕಾಯ್ದೆ ಮುರಿದ ವರ್ಷ. ಮುಂದೆ ಕರನಿರಾಕರಣೆ ಮಾಡಿ ಆ ತಾಲೂಕಿನ ರೈತರು ಹೊಲಮನೆ ಜಪ್ತಿಗೆ ಕೊಟ್ಟರು. ಅದನ್ನು ನಮ್ಮ ಪಠ್ಯಪುಸ್ತಕ ಹೆಮ್ಮೆಯಿಂದ ಹೇಳುತ್ತದೆ. ಅದೇ ಊರಿನ ಮರಿಮಕ್ಕಳ ಅರ್ಜಿಗೆ ‘ಪುರಾವೆ ಇಲ್ಲ, ತಿರಸ್ಕರಿಸಿದೆ’ ಎಂದು ಮೊಹರು. ಆಮೇಲೆ ಅವರ ಹೆಸರು ಬದಲಾಗುತ್ತದೆ: ಅತಿಕ್ರಮಣದಾರ!

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿ ಸಸಿ ಬೆಳೆಸಿದರು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ ಆ ಫೋಟೋವನ್ನು ನೀನೂ ಮೊಬೈಲಿನಲ್ಲಿ ಹಂಚಿದ್ದೀಯ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡು ಬಾಯಲ್ಲೇ ಕಾಪಾಡಿದರು, ಸಾರಾಯಿಯ ವಿರುದ್ಧ ಬೀದಿಗಿಳಿದರು. ಅವರಿಗೂ 2017ರಲ್ಲಿ ಪದ್ಮಶ್ರೀ. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ಹೋದರು. ಪ್ರಶಸ್ತಿ ಕೊಡುವಾಗ ‘ಬುಡಕಟ್ಟಿನ ಹೆಮ್ಮೆ’, ಹಕ್ಕು ಕೇಳುವಾಗ ‘ನೀವು ಬುಡಕಟ್ಟಲ್ಲ’. ಎಷ್ಟು ನಾಲಗೆ ಈ ಸರ್ಕಾರಕ್ಕೆ? ನಮ್ಮ ಸಂಘಗಳೂ ಕಡಿಮೆಯಲ್ಲ. ರಾಜ್ಯೋತ್ಸವದ ಮೆರವಣಿಗೆಗೆ ಸುಗ್ಗಿ ಕುಣಿತ ಬೇಕು, ತುರಾಯಿ ಬೇಕು, ಗುಮಟೆ ಬೇಕು. ಕುಣಿದವರು ಸಂಜೆ ಯಾವ ಮನೆಗೆ ಹೋಗುತ್ತಾರೆ, ಆ ಮನೆಗೆ ಪಟ್ಟಾ ಇದೆಯೇ ಎಂದು ಕೇಳಿದವರಿಲ್ಲ.

2024ರ ಜುಲೈ 16 ಮರೆತೆಯಾ? ಚತುಷ್ಪಥಕ್ಕೆಂದು ಬುಡ ಕತ್ತರಿಸಿದ್ದ ಶಿರೂರಿನ ಗುಡ್ಡ ಗಂಗಾವಳಿಗೆ ಕುಸಿಯಿತು. ಎದ್ದ ನೀರು ನದಿಯ ಆಚೆ ದಡದ ಉಳುವರೆಯ ಹಾಲಕ್ಕಿ ಮನೆಗಳನ್ನು ಬಡಿದುಕೊಂಡು ಹೋಯಿತು. ಟಿವಿ ಕ್ಯಾಮೆರಾಗಳೆಲ್ಲ ಈಚೆ ದಡದಲ್ಲಿ ಲಾರಿ ಹುಡುಕುತ್ತಿದ್ದವು. ಲಾರಿಯಲ್ಲಿದ್ದವನೂ ಯಾರದೋ ಮನೆಯ ಮಗನೇ, ಹುಡುಕಿದ್ದು ತಪ್ಪಲ್ಲ. ಆದರೆ ಉಳುವರೆಗೆ ಕ್ಯಾಮೆರಾ ಹೊತ್ತು ದಾಟಿದವರು ಎಷ್ಟು ಮಂದಿ? ಕನ್ನಡದ ಚಾನೆಲ್ಲುಗಳೇ ಹೇಳಲಿ.

ನಿನ್ನ ಮನಸ್ಸಿನಲ್ಲಿ ಒಂದು ಅನುಮಾನ ಇರಬಹುದು: ಕುಣಬಿಗಳ ಮನೆಮಾತು ಕೊಂಕಣಿಯ ಬಗೆಯದ್ದಲ್ಲವೇ, ಕನ್ನಡ ಪತ್ರಿಕೆಗೇಕೆ ಇದು? ಇಂಥ ಮಾತೇ ಗಡಿಯನ್ನು ಕಳೆಯುವುದು. ಅವರ ಮಕ್ಕಳು ಓದುವುದು ಕಾಡಿನೊಳಗಿನ ಸರ್ಕಾರಿ ಕನ್ನಡ ಶಾಲೆಯಲ್ಲಿ. ಹುಡುಗರು ಕಡಿಮೆ ಎಂದು ಆ ಶಾಲೆಗೆ ಬೀಗ ಬಿದ್ದರೆ ಜೋಯಿಡಾದ ಕನ್ನಡಕ್ಕೇ ಬೀಗ. ಹಾಲಕ್ಕಿಗಳ ಮಾತಂತೂ ಅಪ್ಪಟ ಕನ್ನಡ, ನಿನ್ನ ಎಫ್‌ಎಂ ಕನ್ನಡಕ್ಕಿಂತ ಎಷ್ಟೋ ಹಳೆಯದು.

ಹೋಗುವುದಾದರೆ ಬಾವುಟದ ಜೊತೆ ಪೆನ್ನು, ಕಾಗದ ತಗೊಂಡು ಹೋಗು. ಕಾಯ್ದೆಯ ನಿಯಮಗಳಲ್ಲೇ ಇದೆ: ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಇಂಥದೇ ದಾಖಲೆ ತಾ ಎಂದು ಹಟ ಹಿಡಿಯುವ ಹಾಗಿಲ್ಲ. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು, ಮೇಲ್ಮನವಿಗೆ 60 ದಿನ ಅವಕಾಶ. ಕೊಪ್ಪದ ಗೌಡ, ಬುಧವಂತರ ಜೊತೆ ಕೂತು ಅಜ್ಜ ಅಜ್ಜಿಯರ ಹೇಳಿಕೆ ಬರೆದುಕೋ. ಅವರಾಡಿದ ಕನ್ನಡದಲ್ಲೇ ಬರೆ, ತಿದ್ದಬೇಡ. ಆಮೇಲೆ ಊರಿನ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ತಗೋ.