ಕೆಲಸಕ್ಕೆ ಹೋಗುವವರು ಕುದುರೆ ಪಳಗಿಸಬಾರದೇ?

ಎರಡು ದೋಣಿಯ ಮೇಲೆ ಕಾಲಿಟ್ಟರೆ ಎರಡೂ ಕೈಬಿಡುತ್ತವಂತೆ. ನೌಕರಿ ಮಾಡಿಕೊಂಡು ಡ್ರೆಸಾಜ್ ಕುದುರೆ ಪಳಗಿಸುತ್ತೇನೆ ಎನ್ನುವವರಿಗೆ ತಿಳಿದವರು ಕೊಡುವ ಬುದ್ಧಿವಾದ ಇದು. ಕುದುರೆ ಬೇಕಾದರೆ ಕೆಲಸ ಬಿಡು, ಕೆಲಸ ಬೇಕಾದರೆ ಕುದುರೆ ಬಿಡು. ಇದು ಸುಳ್ಳು. ಈ ಸುಳ್ಳಿನಿಂದ ಯಾರಿಗೆ ಅನುಕೂಲ ಅಂತಲೂ ಸ್ವಲ್ಪ ನೋಡಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು. ಡ್ರೆಸಾಜ್ ಅಂದರೆ ರೇಸ್ ಅಲ್ಲ. ಓಟವಿಲ್ಲ, ಬೇಲಿ ಹಾರುವುದಿಲ್ಲ, ಬಾಜಿ ಕಟ್ಟುವುದಂತೂ ಇಲ್ಲವೇ ಇಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ. ಅದರೊಳಗೆ ಕುದುರೆ ಹೇಳಿದ ಜಾಗದಲ್ಲಿ ತಿರುಗಬೇಕು, ನಿಲ್ಲಬೇಕು, ಅಡ್ಡಡ್ಡ ನಡೆಯಬೇಕು. ಮೇಲಿನ ಹಂತದಲ್ಲಿ ನಿಂತಲ್ಲೇ ತಾಳಕ್ಕೆ ಸರಿಯಾಗಿ ಕಾಲೆತ್ತಬೇಕು. ಸವಾರ ಬಾಯಿ ಬಿಡುವಂತಿಲ್ಲ, ಕುದುರೆ ಜೊತೆ ಮಾತಾಡಿದರೆ ಅಂಕ ಕಡಿತ. ಕೂತ ಭಾರ, ಕಾಲಿನ ಒತ್ತು, ಲಗಾಮಿನ ಸಣ್ಣ ಸನ್ನೆ, ಇಷ್ಟರಲ್ಲೇ ಎಲ್ಲವನ್ನೂ ಹೇಳಬೇಕು. ಒಂದೊಂದು ನಡೆಗೂ ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ. ಹೊಸ ಹೋರಿಗೆ ನೊಗ ಕಲಿಸಿದವರಿಗೆ ಇದರ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ.

ನೊಗ ಕಲಿಸಿದವರಿಗೆ ಇನ್ನೊಂದೂ ಗೊತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಸಿದರೆ ಹೋರಿ ಕಲಿಯುವುದಿಲ್ಲ, ಮೊಂಡಾಗುತ್ತದೆ. ಕುದುರೆಯೂ ಅಷ್ಟೇ. ದಿನಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಕಲಿಸಬಹುದು. ವಾರದಲ್ಲಿ ಒಂದೆರಡು ದಿನ ಸುಮ್ಮನೆ ಅಡ್ಡಾಡಲು ಬಿಡಬೇಕು. ಹಾಗಾದರೆ ಉಳಿದ ಎಂಟು ಗಂಟೆ ಸವಾರ ಬ್ಯಾಂಕಿನಲ್ಲಿ ಕೂತರೂ ಶಾಲೆಯಲ್ಲಿ ಪಾಠ ಮಾಡಿದರೂ ಕುದುರೆಗೇನು ನಷ್ಟ?

ಜರ್ಮನಿಯ ರೈನರ್ ಕ್ಲಿಮ್ಕೆ ವೃತ್ತಿಯಲ್ಲಿ ವಕೀಲ. ವಕೀಲಿಕೆ ಮಾಡಿಕೊಂಡೇ 1964ರಿಂದ 1988ರವರೆಗೆ ಡ್ರೆಸಾಜ್‌ನಲ್ಲಿ ಆರು ಒಲಿಂಪಿಕ್ ಚಿನ್ನ ಗೆದ್ದರು. ಜಪಾನಿನ ಹಿರೋಶಿ ಹೊಕೆತ್ಸು ಕಂಪನಿಯೊಂದರ ದೊಡ್ಡ ಅಧಿಕಾರಿಯಾಗಿದ್ದವರು, ಆಫೀಸಿಗೆ ಹೋಗುವ ಮುಂಚೆ ಬೆಳಗಿನ ಜಾವ ಸವಾರಿ ಮಾಡುತ್ತಿದ್ದರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕುದುರೆ ಹಾರಿಸಿದ್ದ ಮನುಷ್ಯ 44 ವರ್ಷ ಬಿಟ್ಟು ಬೀಜಿಂಗ್‌ನಲ್ಲಿ ಡ್ರೆಸಾಜ್‌ಗೆ ಇಳಿದರು. 2012ರಲ್ಲಿ ಲಂಡನ್‌ಗೆ ಬಂದಾಗ ವಯಸ್ಸು 71.

ಅವರು ನಿವೃತ್ತಿಯಾದ ಮೇಲೆ ಜರ್ಮನಿಗೆ ಹೋಗಿ ನೆಲೆಸಿ ತಾನೇ ಗೆಲುವಿನ ಹಾದಿ ಹಿಡಿದದ್ದು ಅಂತ ನೀವು ಕೇಳಬಹುದು. ನಿಜ. ಆದರೆ 60 ದಾಟಿದ ಮೇಲೆ ಯಾರೂ ಹೊಸದಾಗಿ ಕೂರಲು ಕಲಿಯುವುದಿಲ್ಲ. ಆ ಬೆನ್ನು, ಆ ಕೈ ತಯಾರಾದದ್ದು ನೌಕರಿಯ ವರ್ಷಗಳ ಬೆಳಗಿನ ಜಾವದಲ್ಲೇ.

ಪೂರ್ತಿ ಹೊತ್ತು ಕುದುರೆಯದ್ದೇ ಕೆಲಸ ಮಾಡಿದರೆ ಕುದುರೆ ಸುಖವಾಗಿರುತ್ತದೆ ಎನ್ನುವುದೂ ಖಾತ್ರಿಯಿಲ್ಲ. ಬ್ರಿಟನ್ನಿನ ಷಾರ್ಲೆಟ್ ಡುಜಾರ್ಡಿನ್‌ಗೆ ಕುದುರೆಯೇ ಬದುಕು, ಮೂರು ಒಲಿಂಪಿಕ್ ಚಿನ್ನ ಗೆದ್ದವರು. ತರಬೇತಿ ವೇಳೆ ಕುದುರೆಯ ಕಾಲಿಗೆ ಚಾವಟಿಯಿಂದ ಮತ್ತೆ ಮತ್ತೆ ಹೊಡೆದ ವಿಡಿಯೋದಿಂದಾಗಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದರು, ಒಂದು ವರ್ಷ ಅಮಾನತಾದರು. ಅಲ್ಲಿ ಸಮಯಕ್ಕೇನೂ ಕೊರತೆಯಿರಲಿಲ್ಲ.

ಈಗ ನೌಕರಿಯವರಿಗೂ ಒಂದು ಮಾತು. ನೀವು ಮುಕ್ಕಾಲು ಗಂಟೆ ಸವಾರಿ ಮಾಡಿ ಆಫೀಸಿಗೆ ಹೋದಿರಿ. ಉಳಿದ ಇಪ್ಪತ್ಮೂರು ಕಾಲು ಗಂಟೆ ಕುದುರೆಯನ್ನು ನೋಡಿದವರು ಯಾರು? ಲದ್ದಿ ಎತ್ತಿದ್ದು, ಮೈ ಉಜ್ಜಿದ್ದು, ಗೊರಸಿನ ಕಲ್ಲು ತೆಗೆದದ್ದು, ರಾತ್ರಿ ಹೊಟ್ಟೆನೋವಿಗೆ ಹೊರಳಾಡಿದಾಗ ಎಬ್ಬಿಸಿ ನಡೆಸಿದ್ದು? ಲಾಯದ ಸೈಸ್. ಕುದುರೆ ಇವತ್ತು ಯಾವ ಕಾಲು ಎಳೆಯುತ್ತಿದೆ ಅಂತ ಮೊದಲು ಗೊತ್ತಾಗುವುದು ಅವನಿಗೆ. "ಕೆಲಸದ ಜೊತೆಗೇ ಸಾಧನೆ" ಎಂಬ ವರದಿಗಳಲ್ಲಿ ಅವನ ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. ಅವನದ್ದೂ ನೌಕರಿಯೇ, ಸ್ವಾಮಿ. ಅವನಿಗೂ ಜೀನಿನ ಮೇಲೆ ಕೂರುವ ಆಸೆ ಇರಬಾರದೇ?

ಈ ಆಟದಲ್ಲಿ ಗೋಡೆ ಕಟ್ಟುವುದು ಹಳೇ ಚಾಳಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಡ್ರೆಸಾಜ್ ಚಿನ್ನ ಗೆದ್ದಿತ್ತು. ಆಗ ಸೇನೆಯ ಅಧಿಕಾರಿಗಳಿಗೆ ಮಾತ್ರ ಅವಕಾಶ. ತಂಡದ ಗೆಹ್ನಾಲ್ ಪರ್ಸನ್ ನಿಜದಲ್ಲಿ ಸಾರ್ಜೆಂಟ್, ಸ್ಪರ್ಧೆಗೋಸ್ಕರ ಬಡ್ತಿ ಕೊಟ್ಟು ಕಳಿಸಿದ್ದರು. ಗುಟ್ಟು ಬಯಲಾಯಿತು, ಮರುವರ್ಷ ಪದಕ ಕಿತ್ತು ಫ್ರಾನ್ಸ್‌ಗೆ ಕೊಟ್ಟರು. ಕುದುರೆಗೆ ಸಾರ್ಜೆಂಟ್ ಯಾರು, ಲೆಫ್ಟಿನೆಂಟ್ ಯಾರು ಅಂತ ಗೊತ್ತಿತ್ತೇ? 1952ರಲ್ಲಿ ಬಾಗಿಲು ತೆರೆದರು. ಅದೇ ಪರ್ಸನ್ ಇದ್ದ ತಂಡ ಮತ್ತೆ ಚಿನ್ನ ಗೆದ್ದಿತು. ಪೋಲಿಯೋ ಆಗಿ ಮೊಣಕಾಲ ಕೆಳಗೆ ಬಲವಿಲ್ಲದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು.

ಇವತ್ತಿನ ಗೋಡೆ ಬೇರೆ ಥರದ್ದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ತಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರದ ಚಿನ್ನ ಅದು. ಆ ನಾಲ್ವರೂ ಯುರೋಪಿನಲ್ಲಿದ್ದು ಅಭ್ಯಾಸ ಮಾಡಿದವರು. ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಕೂಡ ಟೋಕಿಯೋ ಒಲಿಂಪಿಕ್ಸ್‌ಗೆ ತಯಾರಾದದ್ದು ಜರ್ಮನಿಯಲ್ಲೇ. ರೋಗದ ನಿಯಮಗಳಿಂದಾಗಿ ಇಲ್ಲಿನ ಕುದುರೆಯನ್ನು ಹೊರಗೆ ಒಯ್ಯುವುದೇ ದೊಡ್ಡ ತೊಡಕು. 2025ರ ಜುಲೈನಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ ರೋಗಮುಕ್ತ ಆವರಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ಒಳ್ಳೆಯದೇ. ಆದರೆ ತಿಂಗಳ ಸಂಬಳದವನು ಮೀರತ್‌ನಲ್ಲಿ ಕುದುರೆ ಕಟ್ಟಿಕೊಂಡು ಇಲ್ಲಿ ಹಾಜರಿ ಹಾಕುವುದು ಹೇಗೆ? ದಕ್ಷಿಣಕ್ಕೂ ಅಂಥದ್ದೊಂದು ಬೇಡವೇ?

ಅದು ಸರ್ಕಾರದ ಕೈಲಿದೆ, ತಡವಾಗುತ್ತದೆ. ತಡವಾಗದ ಕೆಲಸಗಳೂ ಇವೆ. ಕೆಳಹಂತದ ಸ್ಪರ್ಧೆಗಳನ್ನು ಭಾನುವಾರ ಇಡಿ, ರಜೆ ಸಿಗದವರೂ ಬರಲಿ. ಸ್ವಂತ ಕುದುರೆ ಇಲ್ಲದವರು ಲಾಯದ ಕುದುರೆಯ ಮೇಲೆ ಸ್ಪರ್ಧಿಸಲು ಸುಲಭದ ಶುಲ್ಕ ಇಡಿ. ಪ್ರತಿ ಸ್ಪರ್ಧೆಯಲ್ಲೂ ಸೈಸ್‌ಗಳಿಗೆ ಒಂದು ವಿಭಾಗ ತೆರೆಯಿರಿ. ಫಲಿತಾಂಶದ ಹಾಳೆಯಲ್ಲಿ ಸವಾರನ ಹೆಸರು, ಕುದುರೆಯ ಹೆಸರು, ಮಾಲೀಕನ ಹೆಸರು ಬರೆಯುತ್ತೀರಲ್ಲ, ಪಕ್ಕದಲ್ಲಿ ಆ ಕುದುರೆಯನ್ನು ನೋಡಿಕೊಂಡವನ ಹೆಸರನ್ನೂ ಬರೆಯಿರಿ. ಅದಕ್ಕೆ ಯಾವ ದೇಶದ ಅನುಮತಿಯೂ ಬೇಕಿಲ್ಲ.